ಫ್ಲೆಕ್ಸಿನಲ್ಲಿ ಡಾಕ್ಟರ್ ಸಿದ್ಧರಾಮ

ಎಲ್ಲ ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಡಾಕ್ಟರ್ ಸಿದ್ಧರಾಮ ಆ ಮಾತನ್ನು ಫೋನಿನಲ್ಲಿ ತಾಯಿಗೆ ಹೇಳಬಾರದಿತ್ತು.

ಇಪ್ಪತ್ತೆರಡು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸದ ಹೆಸರು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಸ್ಪೆಕ್ಟ್ರೋಸ್ಕೋಪಿ. ಸೊಲ್ಲಾಪುರದಲ್ಲಿ ಬಸ್ಸು ಹತ್ತಿ ಈ ಹೆಸರು ಹೇಳಲು ಶುರುಮಾಡಿದರೆ ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಮುಗಿಯುತ್ತಿತ್ತು. ಅವ್ವ ಶಾರದಾಬಾಯಿಗೆ ಅದರಲ್ಲಿ ‘ನ್ಯೂಕ್ಲಿಯರ್’ ಒಂದೇ ತಿಳಿದಿತ್ತು. ಮಗ ಬಾಂಬು ಮಾಡುತ್ತಾನೆಂದು ಇಪ್ಪತ್ತೆರಡು ವರ್ಷ ಒಂದು ಸೋಮವಾರವೂ ತಪ್ಪದೆ ಉಪವಾಸ ಹಿಡಿದಿದ್ದಳು. ಪಾಪ, ಮುದುಕಿ ಇನ್ನಾದರೂ ಎರಡು ತುತ್ತು ಉಣ್ಣಲಿ ಎಂದು ಸಿದ್ಧರಾಮ ಹೇಳಿದ:

“ಅವ್ವಾ, ಮಂದೀನ ಮಲಗಿಸಿ ಒಳಗ ನೂಕತಾರಲ್ಲ, ಎಂಆರ್‌ಐ? ನಮ್ಮ ಮಷೀನು ಅದರ ದೊಡ್ಡಣ್ಣ ಅಂತ ತಿಳ್ಕೊ.”

ಅವ್ವ ತಿಳಿದುಕೊಂಡಳು. ಅಕ್ಕಲಕೋಟ ತಾಲೂಕಿನ ಆ ಊರಿನಲ್ಲಿ ಸುದ್ದಿ ಹೊರಟರೆ ಬೆಳಕು ಕೂಡ ಬದಿಗೆ ಸರಿದು ದಾರಿ ಬಿಡುತ್ತದೆ. ಮಂಗಳವಾರ ಸತ್ಕಾರ ಸಮಿತಿ ಹುಟ್ಟಿತು, ಬುಧವಾರ ಎರಡು ಹೋಳಾಯಿತು, ಗುರುವಾರ ಮತ್ತೆ ಒಂದಾಯಿತು. ರವಿವಾರ ಬೆಳಿಗ್ಗೆ ಸಿದ್ಧರಾಮ ಊರಿಗೆ ದಾರಿ ಕವಲೊಡೆಯುವ ಫಾಟಾದಲ್ಲಿ ಇಳಿದಾಗ ಸೂರ್ಯ ಕಾಣಲಿಲ್ಲ. ಎದುರಿಗೆ ಫ್ಲೆಕ್ಸು ನಿಂತಿತ್ತು.

“ಮನುಷ್ಯನ ಒಳಗನ್ನು ಕಾಣುವ ನಮ್ಮೂರ ರತ್ನ ಡಾ. ಸಿದ್ಧರಾಮ ಇವರ ಭವ್ಯ ಸತ್ಕಾರ” ಎಂದು ಮರಾಠಿಯಲ್ಲಿ ಬರೆದಿತ್ತು. ಕಪ್ಪು ಗಾಗಲ್ಲು ಹಾಕಿದ ನಲವತ್ತು ಜನ ಹಿತಚಿಂತಕರ ಮುಖಗಳ ನಡುವೆ ಸಮಿತಿಯ ಅಧ್ಯಕ್ಷ ಮಲಕಾಜಪ್ಪ ಪಾಟೀಲರ ಮುಖ ಕುಂಬಳಕಾಯಿಯಂತೆ ಬೆಳೆದಿತ್ತು. ಸಿದ್ಧರಾಮನದು ಅದರ ಪಕ್ಕದ ಬದನೆಕಾಯಿ.

ಬಗಲಲ್ಲಿ ಅವನು ಸೊಲ್ಲಾಪುರಿ ಚಾದರದಲ್ಲಿ ಸುತ್ತಿದ ಒಂದು ಚೌಕಟ್ಟು ಹಿಡಿದಿದ್ದ. ಕುಸುಬಿ ಹೂವಿನೊಳಗಿನ ಒಂದು ಅಣುವಿನ ಬೆನ್ನು ಹತ್ತಿ ಹನ್ನೊಂದು ವರ್ಷ ಅಲೆದಿದ್ದನಲ್ಲ, ಅದರ ಸ್ಪೆಕ್ಟ್ರಮ್ಮು. ಬಿಳಿಯ ಹಾಳೆಯ ಮೇಲೆ ಒಂದು ಸಪಾಟು ಗೆರೆ, ಅಲ್ಲಲ್ಲಿ ಸೂಜಿಯಂತೆ ಮೇಲೆದ್ದ ಶಿಖರಗಳು. ಅದನ್ನು ನೋಡಿ ಜರ್ಮನಿಯ ಒಬ್ಬ ಮುದುಕ ಪ್ರೊಫೆಸರ್ ಖುರ್ಚಿ ಬಿಟ್ಟು ಎದ್ದಿದ್ದ. ಸಿದ್ಧರಾಮನಿಗೆ ಶಾಲು ಬೇಡವಾಗಿತ್ತು, ತೆಂಗಿನಕಾಯಿಯೂ ಬೇಡವಾಗಿತ್ತು. ತನ್ನ ಊರಿನ ಒಬ್ಬರಾದರೂ, ಒಂದೇ ಒಂದು ಸಲ, ಆ ಅಣುವಿನ ಹೆಸರು ಕೇಳಿದರೆ ಸಾಕಿತ್ತು.

ಮನೆಯ ಮುಂದೆ ಕೇಳಿದ್ದು ಬೇರೆ.

“ಡಾಕ್ಟರ ಸಾಹೇಬ್ರ, ನನ್ನ ಮೊಣಕಾಲು ಮೊದಲ!”

“ಏ, ನಾ ನಸುಕಿನ್ಯಾಗಿಂದ ಪಾಳಿ ಹಚ್ಚೀನಿ!”

ಊರಿನಲ್ಲಿದ್ದ ಸೊಂಟ, ಮೊಣಕಾಲು, ಕುತ್ತಿಗೆಗಳೆಲ್ಲ ಅಂಗಳದಲ್ಲಿ ಸಾಲಾಗಿ ಕುಳಿತಿದ್ದವು. ಬಂಡೆಪ್ಪ ತನ್ನ ಎಮ್ಮೆಯನ್ನೇ ಹೊಡೆದುಕೊಂಡು ಬಂದಿದ್ದ.

“ಹಾಲು ಕಡಿಮಿ ಆಗ್ಯದ್ರಿ. ಒಳಗ ಏನದ ನೋಡಿಬಿಡ್ರಿ.”

“ಬಂಡೆಪ್ಪಾ, ನನ್ನ ಮಷೀನು ಚಿಂಚೋಳಿ ಎಂಐಡಿಸಿದಾಗ ಅದ. ಔಷಧದ ಕಾರಖಾನಿ ಅದು. ಅಲ್ಲಿ ಎಮ್ಮಿ...”

“ಟೆಂಪೋ ಮಾಡ್ತೀನ್ರಿ. ನೀವು ಗೇಟಿನ್ಯಾಗ ಹೇಳ್ರಿ, ಸಾಕು.”

ಅಷ್ಟರಲ್ಲಿ ಮಲಕಾಜಪ್ಪ ಬಂದರು. ಬಂದವರೇ ಚೌಕಟ್ಟಿನ ಚಾದರ ಬಿಚ್ಚಿ ಬೆಳಕಿಗೆ ಹಿಡಿದರು. ಎರಡು ಸಲ ಎದೆನೋವಾಗಿ ಇಸಿಜಿ ತೆಗೆಸಿಕೊಂಡು ಬಂದ ಗಂಡಸು. ಇಂಥ ಹಾಳೆಗಳನ್ನು ಓದುವುದರಲ್ಲಿ ಪುಣೆಯ ತನಕ ತಮ್ಮ ಸಮಾನರಿಲ್ಲ ಎಂದು ಅವರ ನಂಬಿಕೆ. ಬೆರಳು ಗೆರೆಯ ಮೇಲೆ ಸರಿಯಿತು, ಶಿಖರ ಏರಿತು, ಇಳಿಯಿತು, ಕೊನೆಯ ಸಪಾಟಿಗೆ ಬಂದು ನಿಂತಿತು. ಮಲಕಾಜಪ್ಪ ಟೋಪಿ ತೆಗೆದರು.

“ಹೋದ್ರು, ಪಾಪ. ಇಲ್ಲಿಂದ ಮುಂದ ಏಕದಮ್ ಸಪಾಟ.”

“ಪಾಟೀಲ್ರ, ಅದು ಹಾರ್ಟಿಂದಲ್ರಿ! ಅದು ಅಣು...”

“ಅಣುನೋ ಅಣ್ಣನೋ, ಜೀವ ಅಂದ್ರ ಜೀವ. ಎಷ್ಟು ದಿನಾ ನೋಡಿದ್ರಿ ನೀವು ಇವರನ್ನ?”

“ಹನ್ನೊಂದು ವರ್ಷ,” ಎಂದುಬಿಟ್ಟ ಸಿದ್ಧರಾಮ.

ಪಕ್ಕದ ಮನೆಯ ತುಳಜಾಬಾಯಿ ಸೆರಗು ಬಾಯಿಗೆ ಹಿಡಿದಳು. “ಹನ್ನೊಂದು ವರ್ಷ ಕೈಯಾಗಿಟ್ಕೊಂಡು ನೋಡಿದ್ರೂ ಉಳೀಲಿಲ್ಲೇನೋ ತಮ್ಮಾ!” ಎಂದು ಅವಳು ಎತ್ತಿದ ದನಿಗೆ ಎಮ್ಮೆ ಹಗ್ಗ ಹರಿದುಕೊಂಡು ಬೋರಾಮಣಿಯ ದಿಕ್ಕು ಹಿಡಿಯಿತು, ಬಂಡೆಪ್ಪ ಅದರ ಹಿಂದೆ. ಆ ಗದ್ದಲದಲ್ಲಿ ತುಳಜಾಬಾಯಿ ಚೌಕಟ್ಟನ್ನು ಎದೆಗವಚಿಕೊಂಡು ಹೇಳಿದಳು: “ಇಂಥಾದ್ದು ಸತ್ಕಾರದ ಸ್ಟೇಜಿನ ಮ್ಯಾಲ ಬರಬಾರದು. ನಮ್ಮ ಮನ್ಯಾಗಿರಲಿ.” ಹೊರಟೇಹೋದಳು. ಹೀಗೆ ಸಿದ್ಧರಾಮ ತನ್ನ ಏಕೈಕ ಸಾಕ್ಷಿಯನ್ನು ಕಳೆದುಕೊಂಡು ಬರಿಗೈಲಿ ಮಂಟಪಕ್ಕೆ ಹೋದ.

ಮಂಟಪದಲ್ಲಿ ಅವನ ತಲೆಗೆ ಹನ್ನೆರಡು ಮೊಳದ ಕೇಸರಿ ಫೇಟಾ ಸುತ್ತಿದರು. ಕುತ್ತಿಗೆ ಹಾರದೊಳಗೆ ಮುಳುಗಿತು. ಶಾಲು ಇನ್ನೂ ತಟ್ಟೆಯಲ್ಲಿತ್ತು. “ಈಗ ಡಾಕ್ಟರ ಸಾಹೇಬ್ರು ಎರಡು ಮಾತು ಆಡತಾರ” ಎಂದು ಮಲಕಾಜಪ್ಪ ಮೈಕು ಕೊಟ್ಟರು.

ಆಗ ಆಡಿದನಪ್ಪ ಸಿದ್ಧರಾಮ! ಅಂಥ ಭಾಷಣ ಯಾವ ವಿಶ್ವವಿದ್ಯಾಲಯದಲ್ಲೂ ಆಗಿಲ್ಲ, ಆಗುವುದೂ ಇಲ್ಲ. ಕೈಬೆರಳಿಗಿಂತ ತೆಳ್ಳಗಿನ ಗಾಜಿನ ನಳಿಗೆ, ಅದರಲ್ಲಿ ಕರಗಿಸಿದ ಚಿಟಿಕೆ ಪುಡಿ, ಸುತ್ತ ಆನೆಯಂಥ ಮ್ಯಾಗ್ನೆಟ್ಟು. “ಆಗ ಪ್ರತಿಯೊಂದು ಪರಮಾಣು ತನ್ನ ಬಾಜೂಕ ಯಾರಿದ್ದಾರ, ಎಷ್ಟು ದೂರ ಇದ್ದಾರ ಅಂತ ಬಾಯಿ ಬಿಡತದ. ಅದನ್ನ ಕೇಳಿ ಇಡೀ ಅಣುವಿನ ಮನಿ ನಕಾಶಿ ಬರಿಯೂದು ನನ್ನ ಕೆಲಸ.”

“ಬಾಜೂ ಮನಿ ಸುದ್ದಿಗೆ ಮಷೀನ್ ಯಾಕ ಬೇಕೋ?” ಹೆಂಗಸರ ಸಾಲಿನಿಂದ ತುಳಜಾಬಾಯಿ ಕೂಗಿದಳು. “ನಾ ಇದ್ದೇನಲ್ಲ!”

ನಗೆ ಅಡಗಿದ ಮೇಲೆ ಮಲಕಾಜಪ್ಪ ಮೆಲ್ಲಗೆ ಕೇಳಿದರು: “ಅಂದ್ರ, ಮೊಣಕಾಲು ಹೋಗೂದಿಲ್ಲೇನು ಅದರಾಗ?”

“ಕಿರಿಬೆರಳೂ ಹೋಗೂದಿಲ್ರಿ.”

“ಇಪ್ಪತ್ತೆರಡು ವರ್ಷದಾಗ ಒಬ್ಬ ಮನಷ್ಯಾನೂ ಒಳಗ ಹೋಗಿಲ್ಲ?”

“ಹೋಗಬಾರದು ರೀ!”

ಸೊಂಟ, ಮೊಣಕಾಲು, ಕುತ್ತಿಗೆಗಳೆಲ್ಲ ಒಟ್ಟಿಗೆ ತಲೆಯಾಡಿಸಿದವು. ಸಿದ್ಧರಾಮನಿಗೆ ಕಣ್ಣು ತುಂಬಿತು. ಕೊನೆಗೂ ಇವರಿಗೆ ತಿಳಿಯಿತು! ನಿಜಕ್ಕೂ ತಿಳಿದಿತ್ತು. ತಿಳಿದದ್ದೇ ತಪ್ಪಾಯಿತು.

“ಸಿದ್ಧಾ,” ಎಂದರು ಮಲಕಾಜಪ್ಪ. ಡಾಕ್ಟರು, ಸಾಹೇಬ್ರು ಎರಡೂ ಗಾಳಿಗೆ ಹಾರಿದ್ದವು. “ಹಾರ ತಂದೇವಿ, ಶಾಲು ತಂದೇವಿ, ಊಟಕ್ಕ ಎಲಿ ಬಿದ್ದಾವ. ಸತ್ಕಾರ ಅಂತೂ ನಿಲ್ಲಾಕ ಬರೂದಿಲ್ಲ. ಏ, ನಮ್ಮ ಅಮೋಲ ಎಲ್ಲಿದಾನ?”

ಅಮೋಲ ಸಿದ್ಧರಾಮನ ಅಣ್ಣನ ಮಗ. ಸೊಲ್ಲಾಪುರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಟೆಕ್ನಿಷಿಯನ್ನು. ದಿನಕ್ಕೆ ಹದಿನೈದು ಜನರನ್ನು ಮಲಗಿಸಿ ಒಳಗೆ ನೂಕುವವನು! ಮೈಸೂರುಪಾಕು ತಿನ್ನುತ್ತಿದ್ದವನನ್ನು ಹಿಡಿದೆಳೆದು ತಂದರು. ಸಿದ್ಧರಾಮನ ತಲೆಯ ಫೇಟಾ ಇಳಿದು ಅಮೋಲನ ತಲೆಗೇರಿತು, ಕೊರಳಿನ ಹಾರ ಹೊರಬಂತು. ಫಾಟಾದ ಫ್ಲೆಕ್ಸಿನಲ್ಲಿ ಬದನೆಕಾಯಿಯ ಮೇಲೆ ಅಮೋಲನ ಫೋಟೋ ಅಂಟಿಸಲು ಆಗಲೇ ಮೋಟಾರ್ ಸೈಕಲ್ಲು ಹೊರಟಿತ್ತು.

“ಹಿರ್ಯಾಂವ ನೀನ ಇದ್ದಿ. ನಿನ್ನ ಕೈಲೇ ಶಾಲು ಹಾಕು,” ಎಂದರು ಮಲಕಾಜಪ್ಪ.

ಅಮೋಲ ತೊಗರಿಕಟ್ಟಿಗೆಯಂತೆ ಆರೂಕಾಲು ಅಡಿ. ಸಿದ್ಧರಾಮ ಶಾಲು ಹಿಡಿದು ತುದಿಗಾಲಲ್ಲಿ ನಿಂತ, ಒಂದು ಹೆಜ್ಜೆ ಹಿಂದೆ ಇಟ್ಟ. ಅಲ್ಲಿ ಸ್ಟೇಜು ಇರಲಿಲ್ಲ.

ಒಂದು ತಾಸಿನ ಮೇಲೆ ಅವನು ಸೊಲ್ಲಾಪುರದಲ್ಲಿ ಅಂಗಾತ ಮಲಗಿದ್ದ. ರವಿವಾರವಾದರೂ ಚಿಕ್ಕಪ್ಪನಿಗಾಗಿ ಅಮೋಲ ಸೆಂಟರು ತೆಗೆಸಿದ್ದ. ತನ್ನ ತಲೆಯ ಫೇಟಾ ಅವನು ಇನ್ನೂ ತೆಗೆದಿರಲಿಲ್ಲ.

“ಕಾಕಾ, ಉಂಗುರ, ಗಡಿಯಾರ ಬಿಚ್ಚರಿ. ಇದು ಮ್ಯಾಗ್ನೆಟ್ ಅದ. ನಿಮಗ ಗೊತ್ತಾಗೂದಿಲ್ಲ.”

“ಅಮೋಲಾ, ಇದರ ಮೂಲ ಸಿದ್ಧಾಂತ ಏನಂದ್ರ...”

“ಮಾತಾಡಬ್ಯಾಡ್ರಿ. ಅಲಗ್ಯಾಡಿದ್ರ ಫೋಟೋ ಕೆಡತದ.”

ಅರ್ಧ ತಾಸು ಒಳಗೆ ಮಷೀನು ನೂರು ಡೋಲು ಬಡಿಯಿತು. ಮುರಿದದ್ದು ಏನೂ ಇಲ್ಲ, ಉಳುಕಷ್ಟೇ ಎಂದು ತೇಲಿತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ದೀಪ ಹಚ್ಚುವ ಹೊತ್ತಿಗೆ ಸಿದ್ಧರಾಮ ಊರಿಗೆ ಮರಳಿದ. ಶಾಲು ಹೋಯಿತು, ಮಾನ ಹೋಯಿತು; ಚೌಕಟ್ಟನ್ನಾದರೂ ಒಯ್ಯೋಣವೆಂದು ತುಳಜಾಬಾಯಿಯ ಮನೆಗೆ ಕುಂಟುತ್ತ ನಡೆದ.

ಪಡಸಾಲೆಯ ಗೋಡೆಯಲ್ಲಿ ಅವಳ ಗಂಡನ ಫೋಟೋದ ಬಾಜೂಕೆ ಸ್ಪೆಕ್ಟ್ರಮ್ಮು ತೂಗುತ್ತಿತ್ತು. ಅದಕ್ಕೆ ವಿಭೂತಿ ಹಚ್ಚಿತ್ತು. ಮುಂದೆ ಊದಿನಕಡ್ಡಿ ಉರಿಯುತ್ತಿತ್ತು. ಕೊರಳಿಗೆ, ಅಂದರೆ ಅತಿ ಎತ್ತರದ ಶಿಖರಕ್ಕೆ, ಬೆಳಿಗ್ಗೆ ಸಿದ್ಧರಾಮನ ಕೊರಳಿನಿಂದ ತೆಗೆದ ಹಾರ.

“ಬಾ ತಮ್ಮಾ,” ತುಳಜಾಬಾಯಿ ಮೂಗೊರೆಸಿಕೊಂಡಳು. “ಇವರ ಹೆಸರೇನಂದಿ? ಯಾರರೆ ಕೇಳಿದ್ರ ಹೇಳಾಕ ಬೇಕಲ್ಲ.”

ಸಿದ್ಧರಾಮ ಬಾಗಿಲಲ್ಲೇ ನಿಂತುಬಿಟ್ಟ. ಹನ್ನೊಂದು ವರ್ಷ ಕಾದ ಪ್ರಶ್ನೆ! ಸೊಂಟ ನೋವು ಮರೆತು, ಕೈಕಟ್ಟಿ, ಅಂಕಿ ಸಂಖ್ಯೆ ಒಂದೂ ಬಿಡದೆ ಅಣುವಿನ ಪೂರ್ಣ ಹೆಸರು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಊದಿನಕಡ್ಡಿ ಅರ್ಧವಾಗಿತ್ತು.

“ಎಷ್ಟು ದೊಡ್ಡ ಮನಿತನದವರು!” ತುಳಜಾಬಾಯಿ ಕೈಮುಗಿದಳು. “ಹಿಂದ ಮುಂದ ಯಾರೂ ಇರಲಿಲ್ಲೇನು?”

“ಇಲ್ಲ ಆಯಿ. ನಾ ಒಬ್ಬನ ಇದ್ದೆ.” ಅದು ನಿಜವೇ ಆಗಿತ್ತು.

ಹಿಂದೆ ಕಟ್ಟೆಯ ಮೇಲೆ ಕುಳಿತಿದ್ದ ಮಲಕಾಜಪ್ಪ ಟೋಪಿ ಸರಿಮಾಡಿಕೊಂಡು ಎದ್ದರು, ಸಿದ್ಧರಾಮನ ಹೆಗಲು ತಟ್ಟಿದರು, ಫೋನು ತೆಗೆದರು.

“ಹಲೋ, ಫ್ಲೆಕ್ಸಿನಾಂವಾ? ನಾಳಿಗೆ ಇನ್ನೊಂದು ಮಾಡು. ‘ಭಾವಪೂರ್ಣ ಶ್ರದ್ಧಾಂಜಲಿ’ದು. ಮ್ಯಾಲ ನಮ್ಮ ಫೋಟೋ ಹಾಕು. ಕೆಳಗ ಶೋಕಾಕುಲ ಅಂತ ಬರದು ಸಿದ್ಧಂದು ಹಾಕು. ಮುಂಜಾನೆ ಅಮೋಲನ ಫೋಟೋ ಅಂಟಿಸಿ ಮುಚ್ಚಿದಿವಲ್ಲ, ಅದ ಫೋಟೋ. ಹಾಂ, ತೀರಿದವರ ಹೆಸರು ಭಾಳ ಉದ್ದ ಅದ. ಸಿದ್ಧಂದು ಸಣ್ಣದು ಮಾಡು.”