ಶೀಳನೆರೆಯ ಕ್ಷೇಮಕ್ಕೆ ಐದು ನಿಮಿಷದ ಗಡುವು

ಗೆದ್ದದ್ದನ್ನು ಹೇಳಿಕೊಳ್ಳದೆ ಸುಮ್ಮನಿರುವ ದೊಡ್ಡ ಗುಣ ಕೆಲವರಿಗಿರುತ್ತದೆ. ನನಗಿಲ್ಲ. ಇಷ್ಟು ವರ್ಷ ಮನೆಯಲ್ಲಿ ಸೋಲುತ್ತಲೇ ಬಂದವನು ನಾನು. ಸಿಕ್ಕಿರುವ ಒಂದೇ ಒಂದು ಗೆಲುವನ್ನು ಆರಿಹೋಗುವ ಮೊದಲೇ ಹಂಚಿಬಿಡಬೇಕೆಂಬ ಆಸೆ. ನಾಗಮಂಗಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ತೆಪ್ಪಗಿರದೆ, ಪರೀಕ್ಷೆ ಕಟ್ಟಿ, ಹವ್ಯಾಸಿಗಳಿಗೆ ಕೊಡುವ ಹ್ಯಾಮ್ ರೇಡಿಯೊ ಲೈಸೆನ್ಸು ಪಡೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿ, ರೇಡಿಯೊದಲ್ಲಿ ಬಂದ ಪತ್ರವನ್ನು ಇ-ಮೇಲ್ ಆಗಿ ಮುಂದಕ್ಕೆ ದಾಟಿಸುವ ಗೇಟ್‌ವೇ ಒಂದನ್ನು ಶುರುಮಾಡಿದೆ. ಫೋನು, ನೆಟ್ಟು ಎರಡೂ ಸತ್ತ ಊರಿನಿಂದಲೂ, ನಮ್ಮಂಥ ರೇಡಿಯೊದವನೊಬ್ಬನಿದ್ದರೆ ಹೊರಗಿನವರಿಗೆ ಸುದ್ದಿ ಮುಟ್ಟಿಸಬಹುದು. ತಂತ್ರಾಂಶ ಮುಕ್ತವಾದದ್ದು; ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ನಾನು ಬಿಚ್ಚಿ ನೋಡಿದ್ದೇನೆ. ತಿದ್ದುವ ಧೈರ್ಯ ಮಾಡಿಲ್ಲ.

ತೊಂದರೆ ಏನೆಂದರೆ, ತಿಂಗಳಾದರೂ ಒಂದು ಕಾಗದವೂ ದಾಟಲಿಲ್ಲ. ನನ್ನ ಹೆಂಡತಿ ಜಯಮ್ಮನಿಗೆ ಆ ಕಂಬದ ಮೇಲೆ ಕಣ್ಣಿತ್ತು. ಹೀರೆಬಳ್ಳಿಯ ಚಪ್ಪರಕ್ಕೆ ಅಂಥದ್ದೇ ಬೇಕಂತೆ. ಪಾಂಡವಪುರದಿಂದ ಬಂದ ಅವಳ ತಮ್ಮ ಶಿವಣ್ಣ ಕಂಬವನ್ನು ತಟ್ಟಿ ನೋಡಿ, “ಭಾವ, ವಾಟ್ಸಾಪ್ ಇರೋ ಕಾಲ್ದಲ್ಲಿ ಇದ್ಯಾಕೆ? ಮುಂದಿನ್ ಭಾನ್ವಾರ ಸ್ಪ್ಯಾನರ್ ತತ್ತೀನಿ. ಅಷ್ಟೊತ್ಗೆ ಒಂದ್ ಕಾಗ್ದ ಬಂದ್ರೆ ಸರಿ, ಇಲ್ದಿದ್ರೆ ಇಳಿಸ್ಬುಡಾನ” ಅಂದ. “ಊಂ, ಅಂಗೇ ಮಾಡು” ಎಂದು ಜಯಮ್ಮ ತೀರ್ಪು ಕೊಟ್ಟಳು.

ನನಗೆ ಕಾಗದ ಕಳಿಸಬೇಕಾದವರು ಒಬ್ಬರೇ, ಶೀಳನೆರೆಯ ನಂಜೇಗೌಡರು. ನಿವೃತ್ತ ಪೋಸ್ಟ್‌ಮಾಸ್ಟರು, ಅವರಿಗೂ ಲೈಸೆನ್ಸು ಇದೆ. ದಿನಾ ಸಂಜೆ ಅವರ ರೇಡಿಯೊ ನನ್ನದನ್ನು ಕರೆಯುತ್ತಿತ್ತು, ಎರಡೂ ಕಿರಗುಟ್ಟುತ್ತಾ ಮಾತಾಡಿಕೊಳ್ಳುತ್ತಿದ್ದವು, ಆಮೇಲೆ ಪಟ್ಟನೆ ಮೌನ. ಆಂಟೆನಾ ತಿರುಗಿಸಿದೆ. ಕೇಬಲ್ ಬದಲಾಯಿಸಿದೆ. ಕೊನೆಗೆ ತಂತ್ರಾಂಶವೇ ಕೆಟ್ಟದ್ದೆಂದು ನಿರ್ಧರಿಸಿ, ಅದನ್ನು ಪುಕ್ಕಟೆ ಬರೆದುಕೊಟ್ಟ ಪರದೇಶದ ಪುಣ್ಯಾತ್ಮರಿಗೆ ಎರಡು ಪುಟ ದೂರು ಬರೆದೆ. ಅವರಲ್ಲೊಬ್ಬ ಬಹಳ ವಿನಯದಿಂದ, ಯಂತ್ರ ತಾನೇ ಬರೆದಿಡುವ ಲಾಗ್ ಫೈಲು ನೋಡಿದಿರಾ ಎಂದು ಕೇಳಿದ. ನೋಡಿರಲಿಲ್ಲ. ಪ್ರಶ್ನೆ ಓದಿಕೊಂಡು ಉತ್ತರ ಬರೆಯಿರಿ ಎಂದು ಮಕ್ಕಳಿಗೆ ದಿನವೂ ಬೈಯುವವನು ನಾನು.

ನೋಡಿದರೆ, ಪ್ರತಿಸಲವೂ ಸರಿಯಾಗಿ ಐದನೇ ನಿಮಿಷಕ್ಕೆ ನನ್ನ ಗೇಟ್‌ವೇ ಬಾಗಿಲು ಮುಚ್ಚುತ್ತಿದೆ. ಆ ಗಡುವು ಹಾಕಿದವನು ನಾನೇ. ಇರುವುದು ಒಂದೇ ತರಂಗಾಂತರ, ಒಬ್ಬರೇ ಹಿಡಿದು ಕೂರಬಾರದು ಎಂದು ಹ್ಯಾಮ್ ಬಳಗದಲ್ಲಿ ಭಾಷಣ ಬಿಗಿದವನೂ ನಾನೇ; ಈಗ ಸಡಿಲಿಸಿದರೆ ಮಾನ ಹೋಗುತ್ತದೆ. ಆದರೆ ಐದು ನಿಮಿಷ ಸಾಲದಷ್ಟು ಗೌಡರು ಏನು ಬರೆಯುತ್ತಿದ್ದಾರೆ? ಫೋನು ಮಾಡಿ ಓದಿಸಿದೆ.

“ಶ್ರೀಮತ್ ಸಕಲಸದ್ಗುಣಸಂಪನ್ನರಾದ ಮೇಷ್ಟ್ರ ಸನ್ನಿಧಾನಕ್ಕೆ, ಶೀಳನೆರೆಯಿಂದ ನಂಜೇಗೌಡನು ಮಾಡುವ ಅನಂತ ನಮಸ್ಕಾರಗಳು. ಈವರೆಗೆ ನಾವು ಸರ್ವರೂ ಕ್ಷೇಮ...” ಹೀಗೆ ಹೊರಟ ಪತ್ರ ನನ್ನ ಮನೆಮಂದಿಯ, ದನಕರುಗಳ, ಮಳೆಬೆಳೆಯ ಕ್ಷೇಮ ವಿಚಾರಿಸಿ ‘ಉಭಯ ಕುಶಲೋಪರಿ’ ಎನ್ನುವಷ್ಟರಲ್ಲಿ ಫೋನು ಹಿಡಿದ ನನ್ನ ಕೈ ನೋಯುತ್ತಿತ್ತು. ಗಾಳಿಯಲ್ಲಿ ಚೂರುಚೂರಾಗಿ ಬಂದು, ಕಳೆದುಹೋದ ಚೂರನ್ನು ಮತ್ತೆ ಕೇಳಿ ತರಿಸಿಕೊಳ್ಳಬೇಕಾದ ಪತ್ರ ಇದು.

“ಗೌಡ್ರೇ, ಇದೆಲ್ಲ ತೆಗೆದುಹಾಕಿ. ನೇರವಾಗಿ ವಿಷಯ ಬರೀರಿ.”

“ಏನ್ ಮೇಷ್ಟ್ರೇ ಇಂಗಂತೀರಿ? ಕ್ಷೇಮ ಇಲ್ದೆ ಬರ್ಯೋದು ಸಾವಿನ್ ಕಾಗ್ದ. ಇಷ್ಟ್ ವರ್ಸ ಪೋಸ್ಟಾಪೀಸ್ನಲ್ಲಿ ಕುಂತೋನ್ಗೆ ಗೊತ್ತಿಲ್ವಾ? ನಿಮ್ಮನೇಗೆ ಅಂಥಾ ಕಾಗ್ದ ನನ್ ಕೈಯಿಂದ ಬರಾಕಿಲ್ಲ.”

ಎಷ್ಟು ಹೇಳಿದರೂ ಜಗ್ಗಲಿಲ್ಲ. ಭಾನುವಾರ ಶಿವಣ್ಣ ಸ್ಪ್ಯಾನರ್ ಸಮೇತ ಬಂದ. ಮುದ್ದೆ ಉಂಡು ಕಂಬಕ್ಕೆ ಏಣಿ ಒರಗಿಸಿದ. ನನಗೆ ನಿಜಕ್ಕೂ ಸಂಕಟವಾಯಿತು. ಅದನ್ನು ನಿಲ್ಲಿಸುವುದಕ್ಕೇ ಎರಡು ಬೇಸಿಗೆ ರಜೆ ಅದರ ಬುಡದಲ್ಲಿ ಕಳೆದಿದ್ದೆ. ಕಾಗದ ದಾಟಿದರೆ ಇ-ಮೇಲ್ ಆಗಿ ಬಂದು ಬೀಳುವುದು ನನ್ನ ಮೊಬೈಲಿಗೆ; ಸಾಕ್ಷಿಗಿರಲಿ ಎಂದು ಅದನ್ನು ಶಿವಣ್ಣನ ಜೇಬಿಗೆ ತುರುಕಿ, ಜಯಮ್ಮನ ಫೋನಿನಿಂದ ಗೌಡರನ್ನು ಕೊನೆಯ ಸಲ ಬೇಡಿಕೊಂಡೆ. “ಹಾಗಾದ್ರೆ ವಿಷಯಾನೇ ಬಿಡಿ ಗೌಡ್ರೇ. ಬರೀ ಕ್ಷೇಮ ಬರೀರಿ. ಒಂದೇ ಸಾಲು.”

“ಅದಾಗ್ಬೌದು” ಅಂದರು.

ರೇಡಿಯೊ ಕಿರಗುಟ್ಟಿತು. ಎರಡು ನಿಮಿಷವೂ ಆಗಿರಲಿಲ್ಲ, ಶಿವಣ್ಣನ ಜೇಬು ಠಣ್ ಎಂದಿತು. ಏಣಿಯ ಮೇಲಿಂದಲೇ ಓದಿದ: “‘ಶೀಳನೆರೆಯಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.’ ಇಷ್ಟೇಯಾ ಭಾವ?”

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಹೇಳಿದಳು: “ಇಷ್ಟೇ ಕಣ್ಲಾ. ಹೋದ್ ಮಳೇಲಿ ಮೂರ್ ದಿನ ನಿನ್ ಪೋನು ಸಿಗ್ಲಿಲ್ವಲ್ಲ, ಆಗ ಇದೊಂದ್ ಮಾತು ಬಂದಿದ್ರೆ ಎರಡ್ ತುತ್ತು ಉಣ್ತಿದ್ದೆ. ಇಳೀಲಾ ಕೆಳಕ್ಕೆ.”

ಶಿವಣ್ಣ ಸುಮ್ಮನೆ ಇಳಿಯಲಿಲ್ಲ. ಸಡಿಲವಾಗಿದ್ದ ಬೋಲ್ಟುಗಳನ್ನು ಬಿಗಿಮಾಡಿ ಇಳಿದ. ಮದುವೆಯಾದಂದಿನಿಂದ ನನಗೆ ಆ ಮನೆತನದ ಮೇಲೆ ಇಂಥ ಜಯ ಸಿಕ್ಕಿರಲಿಲ್ಲ. ಕುಣಿಯುವುದೊಂದು ಬಾಕಿ.

ಆ ಸಂಭ್ರಮದಲ್ಲೇ ಗೌಡರಿಗೆ ರೇಡಿಯೊದಲ್ಲೇ ಉತ್ತರ ಬರೆದೆ. ಶಿವಣ್ಣನ ಮುಖ ಸಪ್ಪಗಾದದ್ದು, ಜಯಮ್ಮ ನನ್ನ ಪರ ನಿಂತದ್ದು, ಆಂಟೆನಾದ ಎತ್ತರ, ಲಾಗ್ ಫೈಲು ನೋಡಿ ದೋಷ ಹಿಡಿದ ನನ್ನ ಜಾಣತನ, ಒಂದನ್ನೂ ಬಿಡಲಿಲ್ಲ. ಸಂಜೆ ಅವರ ಫೋನು ಬಂತು.

“ಮೇಷ್ಟ್ರೇ, ನಿಮ್ ಕಾಗ್ದ ಬತ್ತಾ ಬತ್ತಾ ಐದ್ ನಿಮ್ಸಕ್ಕೆ ನಿಂತೋಯ್ತದೆ. ಅದ್ರಾಗೆ ಏನಾರ ಇರ್ಲಿ, ಮನೇಲೆಲ್ಲ ಸಂದಾಗವ್ರಾ?”

ಅದೊಂದನ್ನು ಬರೆಯುವುದೇ ಮರೆತುಹೋಗಿತ್ತು.