ಮಾಮನ ಎಡಗೈ

ನಮ್ಮ ಸೋದರಮಾವನಿಗೆ ಎರಡು ಕೈಗಳಿದ್ದವು. ಬಲಗೈ ಅವನದು. ಎಡಗೈ ಯಾರದೆಂದು ಇಡೀ ಲಿಂಗಸುಗೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ!

ನಗಬೇಡಿ. ಮಾಮ ಹುಡುಗನಿದ್ದಾಗಿನಿಂದ ಟಾಂಗಾ ಹೊಡೆದವನು. ಕುದುರೆ ಗಕ್ಕನೆ ನಿಂತರೆ ಪಕ್ಕದಲ್ಲಿ ಕೂತವರು ಮುಗ್ಗರಿಸಿ ಕುದುರೆಯ ಬಾಲಕ್ಕೆ ಮುತ್ತಿಡಬಾರದಲ್ಲ? ಮಾಮ "ಹೋ!" ಎಂದು ಕುದುರೆಯನ್ನು ತಡೆದು, ಬಲಗೈ ಲಗಾಮು ಎಳೆಯುವಷ್ಟರಲ್ಲಿ ಎಡಗೈ ಚಾಚಿಕೊಂಡು ಅವರ ಎದೆಗೆ ಅಡ್ಡ ನಿಲ್ಲುತ್ತಿತ್ತು. ಟಾಂಗಾದಲ್ಲಿ ಇದು ಉಪಕಾರವೇ. ಆದರೆ ಮಾಮ ಇಳಿದರೂ ಆ ಕೈ ಟಾಂಗಾದಿಂದ ಇಳಿಯುತ್ತಿರಲಿಲ್ಲ! ಮಸ್ಕಿಯ ಮದುವೆಯೊಂದರ ಪಂಕ್ತಿಯಲ್ಲಿ, ಓಡುತ್ತಿದ್ದ ಕೂಸನ್ನು ಯಾರೋ "ಹೋ! ಹೋ!" ಎಂದು ತಡೆದರು. ಎಡಗೈ ಸಟ್ಟನೆ ಚಾಚಿತು. ಪಕ್ಕದಲ್ಲಿದ್ದ ಬೀಗರ ಬಾಯಿಗೆ ಹೊರಟಿದ್ದ ತುಪ್ಪದ ಹೋಳಿಗೆ ಅವರ ಮೂಗಿಗೆ ಅಂಟಿತು. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಮಾಮನ ಎಡಕ್ಕೆ ಅತ್ತೆಯ ಹೊರತು ಯಾರೂ ಕೂಡಬಾರದು. ಅತ್ತೆ ಮಾತ್ರ, ಟಾಂಗಾದಲ್ಲಾಗಲಿ ಮನೆಯ ಕಟ್ಟೆಯ ಮೇಲಾಗಲಿ, ಆ ಜಾಗದಲ್ಲಿ ನಿಶ್ಚಿಂತೆಯಾಗಿ ಕೂಡುತ್ತಿದ್ದಳು.

ನಾನಾಗ ಹೈದರಾಬಾದಿನಲ್ಲಿ ಓದುತ್ತಿದ್ದೆ. ನಿಜಾಮರ ಆಳ್ವಿಕೆ ಮುಗಿದ ಹೊಸತು. ದೇವರು, ದೆವ್ವ, ಹಿರಿಯರ ಮಾತು ಎಲ್ಲವನ್ನೂ ಸಂಶಯಿಸುವುದೇ ನನ್ನ ಉದ್ಯೋಗ. ನನ್ನ ಪುಸ್ತಕವೊಂದನ್ನು ಬಿಟ್ಟು! ರಜೆಗೆ ಬಂದವನೇ ಮಾಮನಿಗೆ ಘೋಷಿಸಿದೆ:

"ಮಾಮಾ, ನಿನ್ನ ಕೈದಕ್ಕ ರಿಫ್ಲೆಕ್ಸ್ ಅಂತಾರ."

"ಹಂಗಂದ್ರ?"

"ಮನಸ್ಸಿಗೆ ಗೊತ್ತಾಗೂದ್ರೊಳಗ ಮೈ ತಾನ ಮಾಡಿ ಮುಗಿಸಿರ್ತೈತಿ. ಬೆಂಕಿ ತಾಗಿದ್ರ ಕೈ ಹಿಂದಕ್ಕ ಬರ್ತೈತಲ್ಲ, ಧೂಳು ಬಂದ್ರ ಕಣ್ಣು ಮುಚ್ತಾವಲ್ಲ, ಹಂಗ. ಅದಕ್ಕ ಮಂದಿ ಗುರ್ತು ಇರೂದಿಲ್ಲ. ಬಾಜೂಕ ಸಾವಕಾರ ಇರ್ಲಿ, ಸಜ್ಜಿ ಚೀಲ ಇರ್ಲಿ, ಎಲ್ಲಾ ಒಂದ."

ಪುರಾವೆ ಬೇಡವೇ? ಮಾಮನನ್ನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂಡಿಸಿ, ಅಡುಗೆಮನೆಯ ಕಲಬತ್ತಿನ ಗುಂಡಿನಿಂದ ಅವನ ಮೊಣಕಾಲ ಕೆಳಗೆ ಮೆಲ್ಲಗೆ ಬಡಿದೆ. ಪುಸ್ತಕದ ಪ್ರಕಾರ ಕಾಲು ಚಿಮ್ಮಬೇಕು. ಕಾಲು ಅಲುಗಲಿಲ್ಲ. ಎಡಗೈ ಬಂದು ನನ್ನ ನೆತ್ತಿಯ ಮೇಲೆ ಬಿತ್ತು!

"ಕುಟ್ಟಾಕ ಮೆಣಸಿನಕಾಯಿ ಸಿಗಲಿಲ್ಲೇನೋ ಅಳಿಯಾ?"

ಒಳಗಿನಿಂದ ಅತ್ತೆ ಕೂಗಿದಳು: "ಓದಿಸಿದ್ದು ಸಾರ್ಥಕ ಆತು ಬಿಡ್ರಿ!"

ಅಷ್ಟರಲ್ಲಿ ಬಸ್ಸುಗಳು ಬಂದು ಟಾಂಗಾಕ್ಕೆ ಗಿರಾಕಿಗಳೇ ಇಲ್ಲವಾದರು. ಕುದುರೆಗೂ ವಯಸ್ಸಾಗಿತ್ತು. ಮಾಮ ಹೇಗೋ ಲಾರಿ ನಡೆಸುವುದನ್ನು ಕಲಿತಿದ್ದ. ಸಿಂಧನೂರಿನ ಹತ್ತಿ ಸಾವಕಾರರೊಬ್ಬರಿಗೆ ಡ್ರೈವರ್ ಬೇಕಾಗಿತ್ತು. ಆ ಕೆಲಸ ಸಿಕ್ಕರೆ ಮನೆಯಲ್ಲಿ ಒಲೆ ಉರಿಯುತ್ತದೆ, ಸಿಗದಿದ್ದರೆ ಇಲ್ಲ. ಅಂಥ ಪರಿಸ್ಥಿತಿ.

ಪರೀಕ್ಷೆಯ ದಿನ ಸಾವಕಾರರು ಗರಿಗರಿ ಬಿಳಿ ಅಂಗಿ ತೊಟ್ಟು, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಬಂದು ಕೂತರು. ಎಲ್ಲಿ? ಮಾಮನ ಎಡಕ್ಕೆ! ನಾನು ಹಿಂದೆ ಲಾರಿಯ ಹಲಗೆ ಹಿಡಿದು, ಡ್ರೈವರನ ಬೆನ್ನ ಹಿಂದಿನ ಕಿಂಡಿಯಿಂದ ಇಣುಕುತ್ತ ನಿಂತಿದ್ದೆ. ಏರು ಬಂದಾಗ ಮಾಮ "ಟ್ಚ ಟ್ಚ" ಎಂದು ನಾಲಿಗೆ ಹೊಡೆದು ಲಾರಿಯನ್ನು ಹುರಿದುಂಬಿಸಿದ. ಸಾವಕಾರರು ಸಹಿಸಿಕೊಂಡರು. ಮಸ್ಕಿಯ ಹತ್ತಿರ ಕುರಿಹಿಂಡು ಅಡ್ಡ ಬಂತು. "ಹೋ!" ಎಂದ ಮಾಮ ಬ್ರೇಕು ತುಳಿದ. ಎಡಗೈ ಸಾವಕಾರರ ಎದೆಗೆ ಅಪ್ಪಳಿಸಿತು. ಬಾಯಲ್ಲಿದ್ದುದೆಲ್ಲ ಬಿಳಿ ಅಂಗಿಯ ಮೇಲೆ ಕೆಂಪಗೆ ಹರಿಯಿತು.

"ಯಾರ ಎದಿಗೆ ಕೈ ಹಚ್ಚೀಯಲೇ? ಆ ಕೈಗೆ ಬುದ್ಧಿ ಕಲಿಸ್ಕೊಂಡು ಅಮಾಸಿ ಆದಮ್ಯಾಲ ಬಾ. ಇಲ್ಲಾಂದ್ರ ಬರಾಕಬ್ಯಾಡ!"

ಬುದ್ಧಿ ಕಲಿಸುವ ಗುತ್ತಿಗೆ ನನ್ನದಾಯಿತು. ಮಲಗುವ ಹೊರಸೇ ಲಾರಿ, ಹಿತ್ತಾಳೆಯ ತಾಟೇ ಸ್ಟೇರಿಂಗು. ಮಾಮನ ಎಡಗೈಯನ್ನು ಧೋತರದ ಚೂರಿನಿಂದ ತಾಟಿಗೆ ಕಟ್ಟಿದೆ. ಸಾವಕಾರರ ಜಾಗದಲ್ಲಿ ಅತ್ತೆ. ನಾನು "ಕುರಿ ಬಂದ್ವು!" ಎಂದು ಕೂಗಿದರೆ ಕೈ ತಾಟಿನ ಸಮೇತ ಹೋಗಿ ಅತ್ತೆಯ ಎದೆಗೆ ಅಡ್ಡ ನಿಲ್ಲುತ್ತಿತ್ತು.

"ಅಯ್ಯಯ್ಯ, ಸಾವಕಾರ್ನ ಕೊಂದ್ರಿ!" ಎಂದು ಅತ್ತೆ ಬಿದ್ದು ಬಿದ್ದು ನಕ್ಕಳು. ಕೊನೆಗೆ ಎದ್ದು ಹೇಳಿದಳು: "ನಾ ಕುಂತ್ರ ಅದು ಕಲಿಯೂದಿಲ್ಲೋ ಅಳಿಯಾ. ಬ್ಯಾರೆ ಯಾರನರ ಕುಂದ್ರಸು."

ನಾನೇ ಕೂತೆ. ಓಣಿಯವರನ್ನೆಲ್ಲ ಸರದಿಯಂತೆ ಕೂಡಿಸಿದೆ. ಪಕ್ಕೆಲುಬುಗಳು ನೊಂದವು, ಆದರೆ ಕೈ ಕಲಿಯಿತು!

ಅಮಾವಾಸ್ಯೆ ಕಳೆದ ಮೇಲೆ ಸಾವಕಾರರು ಮತ್ತೆ ಬಂದು ಕೂತರು, ಈ ಸಲ ಕರಿ ಕೋಟು ಹಾಕಿಕೊಂಡು. ನಾಯಿಯೊಂದು ಅಡ್ಡ ಬಂತು. ಮಾಮ ಬ್ರೇಕು ಹಾಕಿದ. ಎಡಗೈ ಸ್ಟೇರಿಂಗಿಗೆ ಮೊಳೆ ಹೊಡೆದಂತೆ ನಿಂತಿತು. ಹಿಡಿಯುವವರಿಲ್ಲದೆ ಸಾವಕಾರರ ಹಣೆ ಗಾಜಿಗೆ ಬಡಿಯಿತು.

"ಹಣಿ ಒಡೀತು," ಎಂದರು ಸಾವಕಾರರು ಸಂತೋಷದಿಂದ. "ಆದ್ರೂ ಚಲೋ ಆತು. ನಾಳಿಂದ ಬಾ!"

ರಿಫ್ಲೆಕ್ಸನ್ನು ಸೋಲಿಸಿದೆನೆಂದು ನಾನು ಹೈದರಾಬಾದಿನ ತನಕ ಡಂಗುರ ಹೊಡೆದೆ.

ಮುಂದಿನ ಚಳಿಗಾಲದಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡಳು. ನಾನು ಊರಿಗೆ ಬಂದದ್ದು ತಡವಾಗಿ. ಸಿಂಧನೂರಿನಿಂದ ಮಾಮನ ಲಾರಿಯಲ್ಲೇ ಹೊರಟೆ, ಹಿಂದೆ ಹತ್ತಿಯ ಅಂಡಿಗೆಗಳ ನಡುವೆ ಕೂತು. ಅದೇ ಕಿಂಡಿಯಿಂದ ಒಳಗೆ ಕಾಣುತ್ತಿತ್ತು. ಎಡಕ್ಕೆ ಸಾವಕಾರರಿದ್ದರು. ದಾರಿಯಲ್ಲಿ ಎಷ್ಟೋ ಸಲ ಬ್ರೇಕು ಬಿತ್ತು. ಕೈ ಜಗ್ಗಲಿಲ್ಲ. ಹೆಮ್ಮೆಪಟ್ಟೆ. ಮಸ್ಕಿಯಲ್ಲಿ ಸಾವಕಾರರು ಇಳಿದರು.

"ಮುಂದ ಬಂದು ಕುಂದರ್ಲೇನು ಮಾಮಾ?"

"ಬ್ಯಾಡ. ಅಲ್ಲೇ ಕುಂದ್ರು. ಗಾಳಿ ಚಲೋ ಬರ್ತೈತಿ."

ಮಸ್ಕಿ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಅಥವಾ ಎತ್ತೋ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮಾಮ ಬ್ರೇಕು ಹಾಕಿದ. ಎಡಗೈ ಚಾಚಿಕೊಂಡು ಹೋಗಿ ಖಾಲಿ ಜಾಗದ ಮೇಲೆ ಅಡ್ಡ ನಿಂತಿತು.

ರಿಫ್ಲೆಕ್ಸ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಅದಕ್ಕೆ ಮಂದಿ ಗುರುತು ಇರುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ? ಆ ಕೈ ಹಾಗೆಯೇ ನಿಂತಿತ್ತು, ಎಮ್ಮೆ ದಾಟುವವರೆಗೆ, ಅದರ ಹಿಂದೆ ಕುಂಟುತ್ತ ಬಂದ ಕರು ದಾಟುವವರೆಗೆ. ಆಮೇಲೆ ಸೀಟನ್ನೊಮ್ಮೆ ಮೆಲ್ಲಗೆ ಸವರಿ ಹಿಂದಕ್ಕೆ ಬಂತು.

"ಟ್ಚ ಟ್ಚ," ಎಂದ ಮಾಮ. ಲಾರಿ ಹೊರಟಿತು.