ಕಿಟಕಿಯಲ್ಲಿ ನಿಂತವಳು ಸತ್ತಿರಲಿಲ್ಲ

ಸತ್ತವರ ಆಸ್ತಿಗಾಗಿ ಬದುಕಿರುವವರು ಜಗಳಾಡುವುದು ಕುಂದಾಪುರದ ಕೋರ್ಟಿನಲ್ಲಿ ದಿನನಿತ್ಯದ ಮಾತು. ಆದರೆ ಕೈಕೈಗೆ ಮೊಬೈಲು ಬಂದ ಮೇಲೆ ವಕೀಲನ ಬಾಗಿಲಿಗೆ ಎಂಥೆಂಥವರು ಬರುತ್ತಾರೆಂದರೆ, ಒಮ್ಮೆ ದೆವ್ವವೇ ಬಂದು ನನ್ನ ವಕಾಲತ್ತಿಗೆ ಸಹಿ ಹಾಕಿತು.

೧. ಮೇಣದಬತ್ತಿ

ಆಕೆ ಹಾಲಾಡಿ ಕಡೆಯವರು. ಗಂಡನ ಜೊತೆ ಮುಂಬೈಯಲ್ಲಿ ಹೋಟೆಲು ನಡೆಸಿ, ಅವರು ತೀರಿಹೋದ ಮೇಲೆ ಊರಿಗೆ ಬಂದು, ರಸ್ತೆ ಬದಿಯಲ್ಲಿ ಮನೆ ಕಟ್ಟಿಸಿ ಹೊಲಿಗೆ ಕ್ಲಾಸು ಮಾಡುತ್ತಿದ್ದರು. ಒಂದು ಮುಸ್ಸಂಜೆ ಕರೆಂಟು ಹೋಯಿತು. ತಲೆಗೆ ಮಿಂದಿದ್ದ ಆಕೆ ಕೂದಲು ಬಿಟ್ಟುಕೊಂಡು, ತಿಳಿಬಣ್ಣದ ನೈಟಿಯಲ್ಲಿ, ಮೇಣದಬತ್ತಿ ಹಿಡಿದು ಕಿಟಕಿ ಹಾಕಲು ಬಂದರು. ರಸ್ತೆಯಲ್ಲಿದ್ದ ಒಬ್ಬಾತ ಅದನ್ನು ಮೊಬೈಲಿನಲ್ಲಿ ಹಿಡಿದ. ಬೈಂದೂರಿನವ, ಮಸ್ಕತ್ತಿನಲ್ಲಿ ಕೆಲಸ. ರಜೆ ಮುಗಿಸಿ ಅಲ್ಲಿಗೆ ಹೋದವನೇ ಇಂಟರ್ನೆಟ್ಟಿಗೆ ಹಾಕಿದ. ಈ ಮನೆಯಲ್ಲಿ ಸತ್ತ ಹೆಂಗಸು ಇನ್ನೂ ದೀಪ ಹಿಡಿದು ನಿಲ್ಲುತ್ತಾಳೆ ಎಂದು ಅದರಲ್ಲಿ ಅವನ ಪಿಸುದನಿ.

ನಾನೂ ನೋಡಿದೆ. ಆಕೆ ಎದುರಿನ ಕುರ್ಚಿಯಲ್ಲೇ ಕುಳಿತಿದ್ದರೂ ನನ್ನ ಮೈ ಜುಮ್ಮೆಂದಿತು. ಜ್ವಾಲೆ ಅಲ್ಲಾಡುತ್ತಿತ್ತು, ಮುಖ ಅಲ್ಲಾಡುತ್ತಿರಲಿಲ್ಲ.

ಹೊಲಿಗೆ ಕಲಿಯುವ ಹುಡುಗಿಯರು ಬರುವುದು ನಿಂತಿತು. ಮೀನು ತರುವ ಬೈಕಿನವ ರಸ್ತೆಯಿಂದಲೇ ಹಾರ್ನ್ ಹಾಕಿ, ಬಂಗುಡೆಯನ್ನು ಗೇಟಿಗೆ ತೂಗುಹಾಕಿ ಓಡುತ್ತಿದ್ದನಂತೆ.

"ದೆವ್ವ ಬಂಗ್ಡಿ ತಿಂತಾ ಅಂದೇಳಿ ಅವ್ನಿಗೂ ಹೊಳಿಲಿಲ್ಲ, ಕಾಣಿ" ಎಂದರು.

೨. ಸಂತಾಪ

ವಿಡಿಯೊ ಇಟ್ಟುಕೊಂಡಿದ್ದ ಅಮೆರಿಕದ ಕಂಪನಿಗೆ ನೋಟಿಸು ಕಳಿಸಿದೆ. ನನ್ನ ಕಕ್ಷಿದಾರರಿಗೆ ಮಾನಹಾನಿಯಾಗಿದೆ, ತೆಗೆಯಿರಿ ಎಂದು. ಉತ್ತರ ಬಹಳ ಸಭ್ಯವಾಗಿತ್ತು. ತಮ್ಮ ಕಕ್ಷಿದಾರರ ನಿಧನಕ್ಕೆ ನಮ್ಮ ಸಂತಾಪ, ಆದರೆ ನಮ್ಮ ದೇಶದ ಕಾನೂನಿನ ಪ್ರಕಾರ ಸತ್ತವರಿಗೆ ಮಾನಹಾನಿ ಆಗುವುದಿಲ್ಲ.

ಓದಿ ಹೇಳಿದಾಗ ಆಕೆ ನಗಲಿಲ್ಲ. ತಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಯಾಕೋ ಅತ್ತ ನೋಡಲು ಧೈರ್ಯವಾಗಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದರು: "ಹ್ವಾಯ್ ವಕೀಲ್ರೇ, ಸತ್ರೆ ಪಂಚಾಯ್ತಿಯರ್ ಸರ್ಟಿಫಿಕೇಟ್ ಕೊಡ್ತ್ರ್. ಬದ್ಕಿದ್ದೆ ಅಂಬುಕೆ ಯಾರ್ ಕೊಡ್ತ್ರ್?"

೩. ಮಸ್ಕತ್ತಿನ ಫೋನು

ದಾವೆ ಹೂಡಿದೆವು. ನ್ಯಾಯಾಧೀಶರು ವಿಡಿಯೊ ನೋಡಿದರು, ಆಕೆಯನ್ನು ನೋಡಿದರು, ಮತ್ತೆ ವಿಡಿಯೊ ನೋಡಿದರು. ಸ್ವಲ್ಪ ಬೆಳಕಿನ ಕಡೆ ಬಂದು ನಿಲ್ಲಿ ಅಂತ ಹೇಳಿ, ಆಮೇಲೆ ತೆಗೆಯಲು ಆದೇಶಿಸಿದರು. ಕಂಪನಿ ಒಪ್ಪಿತು, ವಿಡಿಯೊ ಮಾಯವಾಯಿತು. ಹೊಲಿಗೆ ಹುಡುಗಿಯರು ಒಬ್ಬೊಬ್ಬರೇ ವಾಪಸು ಬಂದರು.

ಅಷ್ಟರಲ್ಲಿ ಮಸ್ಕತ್ತಿನಲ್ಲಿರುವ ಆಕೆಯ ತಂಗಿಯ ಫೋನು. ಅಲ್ಲಿ ವಿಡಿಯೊ ಹಾಗೇ ಇದೆ, ಅಕ್ಕ ಹೋದದ್ದು ಯಾವಾಗ ಎಂದು ಲಿಫ್ಟಿನಲ್ಲಿ ಸಿಕ್ಕಿದವರೆಲ್ಲ ಕೇಳುತ್ತಿದ್ದಾರೆ. ಕಂಪನಿಯನ್ನು ಕೇಳಿದರೆ, ಭಾರತದ ಕೋರ್ಟಿನ ಆದೇಶ ಭಾರತದಲ್ಲಿ ನೋಡುವವರಿಗೆ ಮಾತ್ರ ಎಂದರು. ಜಗತ್ತಿಗೆಲ್ಲ ಅನ್ವಯಿಸಬೇಕೆಂದರೆ ಮೇಲಿನ ಕೋರ್ಟಿಗೆ ಹೋಗಬೇಕು, ವರ್ಷಗಟ್ಟಲೆ ಕಾಯಬೇಕು ಎಂದು ನಾನು ಆಕೆಗೆ ತಿಳಿಸಿ ಹೇಳಿದೆ.

"ಅಂದ್ರೆ ಇಲ್ಲ್ ಬದ್ಕಿಸಿದ್ರಿ, ಅಲ್ಲ್ ನಾ ಇನ್ನೂ ಸತ್ತೇ ಇದ್ದೆ" ಎಂದರು.

೪. ಚಹಾ

ಕೊನೆಗೆ ಕೆಲಸ ಮಾಡಿದ್ದು ತಂಗಿ. ಬೇರೆಯವರ ಮನೆಯೊಳಗಿನದನ್ನು ಕೇಳದೆ ತೋರಿಸಿದರೆ ಮಸ್ಕತ್ತಿನ ಕಾನೂನು ಸುಮ್ಮನೆ ಬಿಡುವುದಿಲ್ಲ. ದೂರು ಕೊಡುತ್ತೇನೆ ಎಂದು ವಿಡಿಯೊ ಹಾಕಿದವನಿಗೆ ಹೇಳಿ ಕಳಿಸಿದಳು. ಅವನು ಆವತ್ತೇ ಎಲ್ಲ ದೇಶಗಳಿಂದಲೂ ಅಳಿಸಿಹಾಕಿದ.

ಮುಂದಿನ ರಜೆಯಲ್ಲಿ ಕ್ಷಮೆ ಕೇಳಲು ಬಂದ. ಆಕೆ ನನ್ನನ್ನೂ ಕರೆಸಿದ್ದರು. ಮಧ್ಯಾಹ್ನದ ಹೊತ್ತು. ಕೊಟ್ಟ ಚಹಾವನ್ನು ಅವನು ಮುಟ್ಟಿರಲಿಲ್ಲ, ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆಗೆ ಹೋಗುತ್ತಿತ್ತು. ಜೀವಂತ ಇರುವವರ ಎದುರು ಇನ್ನೆಂಥ ಹೆದರಿಕೆ ಮಾರಾಯ ಎಂದು ಕೇಳಿದೆ.

ಅವನು ಆಕೆಗೇ ಹೇಳಿದ: "ನಿಮ್ಮನ್ ಕಂಡ್ ಹೆದ್ರಿದ್ದಲ್ಲ ಅಕ್ಕಾ. ಆವತ್ತ್ ನಿಮ್ಮ್ ಹಿಂದೆ ಇನ್ನೊಬ್ಬ್ರ್ ಹೆಂಗ್ಸ್ ನಿಂತಿದ್ರ್. ಅವ್ರ್ ಕಾಂಬ ಜಾಗ ನಾ ಹೆದ್ರಿ ಕತ್ತರ್ಸಿ ತೆಗ್ದಿದ್ದೆ. ಅವ್ರ್ ಯಾರ್?"

ಹೊಲಿಗೆ ಹುಡುಗಿಯರು ಸಂಜೆಯ ಮೊದಲೇ ಹೋಗಿಬಿಡುತ್ತಾರೆ. ಆ ಮನೆಯಲ್ಲಿ ಆಕೆಯ ಹೊರತು ಯಾರೂ ಇಲ್ಲ. ನಾನು ಚಹಾದ ಲೋಟ ಕೆಳಗಿಟ್ಟೆ.

ಆಕೆ ಒಮ್ಮೆ ನಿಧಾನವಾಗಿ ತಮ್ಮ ಬೆನ್ನ ಹಿಂದೆ ತಿರುಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಅವ್ಳ್ ಕೇಸ್ ಹಾಕುಕೆ ಬಂದ್ರೆ, ವಕೀಲ್ರೇ, ನೀವ್ ಯಾವ್ ದೇಶದ್ ಕಾನೂನ್ ಕಾಂತ್ರಿ?"